ಕುಂಡಕ್ಕೂ ಒಗ್ಗುವ ಪುಂಡಿ

ಮಳೆಗಾಲ ಹಿಡಿದರೆ ಯಾದಗಿರಿ, ಶಹಾಪುರ, ಸುರಪುರದ ಸಂತೆಗಳಲ್ಲಿ ಸೊಪ್ಪು ಮಾರುವವರ ಮುಂದೆ ಪುಂಡಿಯ ಕಟ್ಟುಗಳು ಬಂದು ಕೂರುತ್ತವೆ. ಮೆಂತ್ಯ, ರಾಜಗಿರಿ, ಸಬ್ಬಸಿಗೆ ಪಕ್ಕದಲ್ಲೇ ಇರುತ್ತವೆ. ಆದರೂ ಜೋಳದ ರೊಟ್ಟಿಗೆ ಪುಂಡಿಪಲ್ಯದಷ್ಟು ಹೊಂದುವ ಜೊತೆ ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಮಾಡುವ ರೀತಿ ಸರಳ. ಎಲೆ ಬಿಡಿಸಿ ತೊಳೆದು ಕುದಿಸಬೇಕು. ಹುಳಿ ಹೆಚ್ಚೆನಿಸಿದರೆ ಆ ನೀರನ್ನು ಬಸಿದುಬಿಡಬೇಕು. ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಮೆತ್ತಗೆ ಬೇಯಿಸಿ ಕಡೆದು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಮುಗಿಯಿತು. ಮಗ್ಗುಲಿಗೆ ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಪೋಷಕಾಂಶವನ್ನು ತೊಗರಿ ತುಂಬಿಕೊಡುತ್ತದೆ. ಬಡವರ ಊಟ ಅನಿಸಿಕೊಂಡದ್ದು ಲೆಕ್ಕ ಹಾಕಿದರೆ ಗಟ್ಟಿ ಊಟ.

ಬೇಳೆ, ನುಚ್ಚು, ಸೊಪ್ಪು ಮೂರೂ ಒಂದೇ ಒಕ್ಕಲುತನದ ಬೆಳೆಗಳು. ಮುಂಗಾರಿನಲ್ಲಿ ತೊಗರಿ, ಹಿಂಗಾರಿನಲ್ಲಿ ಎರೆಭೂಮಿಯ ತೇವದ ಮೇಲೇ ಬರುವ ಬಿಳಿಜೋಳ, ಹೊಲದ ಅಂಚಿಗೆ, ಸಾಲಿನ ನಡುವೆ ಅಕ್ಕಡಿಯಾಗಿ ಪುಂಡಿ. ಎಲೆ ಮನೆಗೆ, ಬಲಿತ ಕಡ್ಡಿಯನ್ನು ನೀರಲ್ಲಿ ನೆನೆಹಾಕಿ ತೆಗೆದ ನಾರು ಹಗ್ಗಕ್ಕೆ. ಪ್ಲಾಸ್ಟಿಕ್ ಹಗ್ಗ ಬಂದ ಮೇಲೆ ರೈತ ಪುಂಡಿ ಬಿತ್ತಲು ಇದ್ದ ಒಂದು ಕಾರಣ ಕಳಚಿತು.

ಇನ್ನೊಂದು ಬದಲಾವಣೆ ನೀರಿನಿಂದ ಬಂತು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ ಕೃಷ್ಣೆಯ ನೀರು ಎಡದಂಡೆ ಕಾಲುವೆಯಲ್ಲಿ ಸುರಪುರ, ಶಹಾಪುರದ ಹೊಲಗಳಿಗೆ ಹರಿಯಿತು. ಕಡಿಮೆ ನೀರಿನ ಬೆಳೆಗಳನ್ನು ನೆಚ್ಚಿ ರೂಪಿಸಿದ ಯೋಜನೆ ಅದು. ರೈತರು ಭತ್ತಕ್ಕೆ ವಾಲಿದರು. ಬರ ಕಂಡವರ ಕೈಗೆ ಕಾಸು ಬಂದದ್ದನ್ನು ತಪ್ಪೆನ್ನಲಾಗದು. ಆದರೆ ನೀರು ನಿಲ್ಲುವ ಗದ್ದೆಯಲ್ಲಿ ತೊಗರಿಗೂ ಜಾಗವಿಲ್ಲ, ಪುಂಡಿಗೂ ಇಲ್ಲ.

ಪಟ್ಟಣದವರು ಮಾಡಬಹುದಾದದ್ದು ಇಲ್ಲಿದೆ. ಪುಂಡಿ ಹಿತ್ತಲಿಗೂ ಮಾಳಿಗೆಯ ಹಳೆ ಬಕೆಟ್ಟಿಗೂ ಒಗ್ಗುತ್ತದೆ. ಬುಡಕ್ಕೆ ತೂತು ಬೇಕು. ಬರೀ ಎರೆಮಣ್ಣು ಮಳೆಗೆ ನೀರು ಹಿಡಿದು ಬಿಸಿಲಿಗೆ ಬಿರಿಯುವುದರಿಂದ ಮರಳು, ತಿಪ್ಪೆಗೊಬ್ಬರ ಬೆರೆಸಬೇಕು. ಜೂನ್‌ನಲ್ಲಿ ಬೀಜ ಹಾಕಿದರೆ ತಿಂಗಳೊಪ್ಪತ್ತಿನಲ್ಲಿ ಎಲೆ ಸಿಗುತ್ತದೆ. ಗಿಡ ಕೀಳದೆ ತುದಿ ಚಿವುಟುತ್ತಿದ್ದರೆ ಕವಲೊಡೆದು ಮತ್ತೆ ಮತ್ತೆ ಕೊಡುತ್ತದೆ. ಹಗಲು ಕಿರಿದಾಗುತ್ತ ಬಂದಂತೆ ಹೂ ಬಿಟ್ಟು ಎಲೆ ಕಡಿಮೆಯಾಗುತ್ತದೆ. ಆಗ ಒಂದೆರಡು ಗಿಡ ಬೀಜಕ್ಕೆ ಬಿಟ್ಟರೆ ಮುಂದಿನ ವರ್ಷಕ್ಕೆ ಅಂಗಡಿಗೆ ಹೋಗಬೇಕಿಲ್ಲ.

ಕ್ಯೂಬಾದ ಹವಾನಾದಲ್ಲಿ 1990ರ ದಶಕದಲ್ಲಿ ಆಹಾರದ ಕೊರತೆ ಬಂದಾಗ ಜನ ಖಾಲಿ ನಿವೇಶನಗಳಲ್ಲೇ ತರಕಾರಿ ಬೆಳೆದರು. ಬೆಂಗಳೂರಿನಲ್ಲಿ ಈಗ ತಾರಸಿ ತೋಟ ಹಲವರ ಹವ್ಯಾಸ. ಇವೆರಡೂ ಊರುಗಳಿಗಿಲ್ಲದ ಅನುಕೂಲವೊಂದು ನಮ್ಮ ಮೂರು ಪಟ್ಟಣಗಳಿಗಿದೆ: ಊರ ಅಂಚು ದಾಟಿದರೆ ಹೊಲ.

ಬಕೆಟ್ಟಿನಲ್ಲಿ ಸೊಪ್ಪು ಬಂದೀತು, ಜೋಳ ಬಾರದು. ಅದಕ್ಕೆ ಹಳೆಯ ರೂಢಿಯೇ ದಾರಿ: ರಾಶಿಯ ಕಾಲಕ್ಕೆ ಗೊತ್ತಿದ್ದ ರೈತರಿಂದ ವರ್ಷದ ಜೋಳ, ತೊಗರಿಯನ್ನು ಚೀಲಗಟ್ಟಲೆ ಕೊಂಡು, ಬೇವಿನೆಲೆ ಹಾಕಿ ಕಟ್ಟಿಡುವುದು. ಕೊಳ್ಳುವವರು ಖಾತ್ರಿಯಾದರೆ ಬಿತ್ತುವವರಿಗೂ ಧೈರ್ಯ. ಮಾಳಿಗೆಯ ಪುಂಡಿ ಒಂದು ಹೊತ್ತಿನ ಪಲ್ಯ ಕೊಡಬಹುದು. ಮಳೆಯಾಶ್ರಿತ ಹೊಲವನ್ನು ಉಳಿಸುವುದು ಈ ವರ್ಷದ ಚೀಲ.