ಅಂಟಿಯೂ ಅಂಟದ ಅಂಟು

ಪುಸ್ತಕದ ಹಾಳೆಗೆ ಅಂಟಿಸಿ, ಹಾಳೆ ಹರಿಯದಂತೆ ಕೀಳಬಹುದಾದ ಹಳದಿ ಚೀಟಿಗಳನ್ನು ನೀವು ಬಳಸಿರಬಹುದು. ಅವುಗಳ ಹಿಂದೆ ಒಂದು ‘ವಿಫಲ’ ಪ್ರಯೋಗವಿದೆ.

1968ರಲ್ಲಿ ಅಮೆರಿಕದ 3ಎಂ ಕಂಪನಿಯ ರಸಾಯನ ವಿಜ್ಞಾನಿ ಸ್ಪೆನ್ಸರ್ ಸಿಲ್ವರ್ ಬಲವಾದ ಅಂಟನ್ನು ಹುಡುಕುತ್ತಿದ್ದರು. ದೊರೆತದ್ದು ದುರ್ಬಲ ಅಂಟು. ಅದರಲ್ಲಿದ್ದುದು ಅಕ್ರಿಲೇಟ್ ಪಾಲಿಮರಿನ ಸೂಕ್ಷ್ಮ ಗೋಳಗಳು. ಗೋಳವು ಸಮತಲವನ್ನು ಅತ್ಯಲ್ಪ ಜಾಗದಲ್ಲಿ ಮಾತ್ರ ಸ್ಪರ್ಶಿಸುತ್ತದೆ. ಆದ್ದರಿಂದ ಹಿಡಿತ ಸಡಿಲ. ಆದರೆ ಕಿತ್ತು ಮತ್ತೆ ಅಂಟಿಸಬಹುದು.

ಸಿಲ್ವರ್ ಈ ಫಲಿತಾಂಶವನ್ನು ಮುಚ್ಚಿಡಲಿಲ್ಲ. ಕಂಪನಿಯೊಳಗೆ ಹಲವು ವರ್ಷ ಉಪನ್ಯಾಸಗಳಲ್ಲಿ ವಿವರಿಸಿದರು. ವಿವಿಧ ವಿಭಾಗಗಳ ತಂತ್ರಜ್ಞರು ತಮ್ಮ ಅರಿವನ್ನು ಹಂಚಿಕೊಳ್ಳುವ ‘ತಾಂತ್ರಿಕ ವೇದಿಕೆ’ ಅಲ್ಲಿ 1951ರಿಂದಲೇ ಇತ್ತು. ಸಿಲ್ವರ್ ಹೇಳಿದ್ದನ್ನು ಬೇರೆ ವಿಭಾಗದ ಆರ್ಟ್ ಫ್ರೈ ಕೇಳಿದ್ದರು. 1974ರಲ್ಲಿ ಚರ್ಚಿನ ಹಾಡಿನ ಪುಸ್ತಕದಿಂದ ಗುರುತಿನ ಚೀಟಿಗಳು ಜಾರಿದಾಗ ಫ್ರೈಗೆ ಆ ಅಂಟು ನೆನಪಾಯಿತು. 1980ರಲ್ಲಿ ‘ಪೋಸ್ಟ್-ಇಟ್’ ಅಮೆರಿಕದಾದ್ಯಂತ ಮಾರುಕಟ್ಟೆಗೆ ಬಂತು.

ಒಬ್ಬರಲ್ಲಿ ಉತ್ತರವಿತ್ತು, ಇನ್ನೊಬ್ಬರಲ್ಲಿ ಪ್ರಶ್ನೆ. ಎರಡನ್ನೂ ಕೂಡಿಸಿದ್ದು ಸಂಸ್ಥೆಯ ಕಲಿಕೆ. ನಿಮ್ಮ ಪ್ರಯೋಗಾಲಯದಲ್ಲೂ ನಿರೀಕ್ಷೆಗೆ ಹೊಂದದ ಫಲಿತಾಂಶ ಬಂದರೆ ಅಳಿಸಬೇಡಿ. ಬರೆದಿಡಿ, ತರಗತಿಯಲ್ಲಿ ಹೇಳಿ. ಅದಕ್ಕೆ ತಕ್ಕ ಪ್ರಶ್ನೆ ಪಕ್ಕದ ಬೆಂಚಿನಲ್ಲೇ ಇರಬಹುದು.