ಶಕ್ತಿನಗರದಿಂದ ಕಾಡಿನ ಬಾಗಿಲಿಗೆ

“ಮಂಗ ಬರುವುದು ಕಾಡಿನಿಂದ, ಹಂದಿ ಬರುವುದೂ ಕಾಡಿನಿಂದ. ಅವು ದಿನಾ ನಮ್ಮ ತೋಟಕ್ಕೆ ಬಂದು ಹೋಗುತ್ತಿರುವಾಗ ನಾವು ಬೇರೆ ದುಡ್ಡು ಕೊಟ್ಟು ಕಾಡು ನೋಡಲು ಹೋಗಬೇಕೆ?”

ರಜೆಯ ದಿನ ಎಲ್ಲರೂ ಕೂಡಿ ಪಿಲಿಕುಳಕ್ಕೆ ಹೋಗಿಬರೋಣವೆಂದು ನಾವು ಹೇಳಿದಾಗ ಹಿರಿಯ ಬೆಳೆಗಾರರೊಬ್ಬರು ಕೇಳಿದ ಪ್ರಶ್ನೆಯಿದು. ಘಟ್ಟದ ಮೇಲೆ ಅವರಿಗೆ ಕಾಫಿಯೂ ಇದೆ, ಅಡಿಕೆಯೂ ಇದೆ. ಮಂಗಳೂರಿನ ಶಕ್ತಿನಗರದಲ್ಲಿರುವ ಮಗನ ಮನೆಗೆ ಬಂದಿದ್ದರು. ಕಾಫಿ ತೋಟದ ಮೇಲ್ಭಾಗದಲ್ಲಿರುವ ಹಳೆಯ ನೆರಳು ಮರಗಳನ್ನು ಅನುಮತಿ ಪಡೆದು ಕೊಡುವುದೆಂದೂ, ಆ ಜಾಗದಲ್ಲಿ ಸಿಲ್ವರ್ ಓಕ್ ಹಾಕುವುದೆಂದೂ ಮರದ ವ್ಯಾಪಾರಿಯೊಡನೆ ಮಾತಾಗಿತ್ತು. ಅವರ ಪ್ರಶ್ನೆ ಹುಡುಗಾಟದ್ದಲ್ಲ. ಫಸಲು ಕಳೆದುಕೊಂಡವನ ಪ್ರಶ್ನೆ ಅದು. ಅದಕ್ಕೆ ಕೂಡಲೆ ಉತ್ತರ ಹೇಳುವ ಧೈರ್ಯ ನಮಗಾಗಲಿಲ್ಲ.

ಆದರೂ ಹೊರಟೆವು. ಕಾರಣ, ಅವರ ಮೊಮ್ಮಗ. ಆಫ್ರಿಕದ ಪ್ರಾಣಿಗಳ ಹೆಸರನ್ನೆಲ್ಲ ಬಾಯಿಪಾಠವಾಗಿ ಹೇಳಬಲ್ಲ ಆ ಹುಡುಗನಿಗೆ ಹಲಸು ಯಾವುದು, ಹೆಬ್ಬಲಸು ಯಾವುದು ತಿಳಿಯದು. ಮಕ್ಕಳ ವಿದ್ಯಾಭ್ಯಾಸಕ್ಕೆಂದು ಪೇಟೆಯಲ್ಲಿ ಮನೆ ಮಾಡಿದ ನಮ್ಮ ಸದಸ್ಯ ಕುಟುಂಬಗಳು ಅನೇಕ. ನಾಳೆ ತೋಟಕ್ಕೆ ಒಡೆಯರಾಗುವವರು ಈ ಮಕ್ಕಳೇ. ಮರದ ಹೆಸರೇ ತಿಳಿಯದವನು ಅದನ್ನು ಉಳಿಸುವುದು ಹೇಗೆ?

ದಾರಿಯಲ್ಲೊಂದು ಬನ

ಶಕ್ತಿನಗರದಿಂದ ಪಿಲಿಕುಳಕ್ಕೆ ಹತ್ತು ಕಿಲೋಮೀಟರ್ ಕೂಡ ಇಲ್ಲ. ಕುಲಶೇಖರದಲ್ಲಿ ಕಾರ್ಕಳದ ಹೆದ್ದಾರಿ ಸೇರಿ, ಕುಡುಪು ದಾಟಿ, ವಾಮಂಜೂರಿನಲ್ಲಿ ತಿರುಗಿದರೆ ಆಯಿತು. ಕುಡುಪಿನ ಅನಂತಪದ್ಮನಾಭ ದೇವಸ್ಥಾನ ನಾಗಾರಾಧನೆಗೆ ಹೆಸರಾದ ಕ್ಷೇತ್ರ. ಅಲ್ಲಿ ಕೈಮುಗಿಯುವಾಗ ನಮಗೊಂದು ವಿಚಾರ ಹೊಳೆಯಿತು. ಸರಕಾರ ‘ರಾಷ್ಟ್ರೀಯ ಉದ್ಯಾನ’ ಎಂಬ ಹೆಸರಿಡುವ ಎಷ್ಟೋ ಕಾಲ ಮೊದಲೇ ತುಳುನಾಡಿನಲ್ಲಿ ನಾಗಬನವಿತ್ತು, ಕೊಡಗಿನಲ್ಲಿ ದೇವರಕಾಡಿತ್ತು. ಅಲ್ಲಿ ಕೊಡಲಿ ಹಾಕಬಾರದೆಂಬ ಕಟ್ಟಳೆಗೆ ಪಹರೆ ಬೇಕಿರಲಿಲ್ಲ. ಕೊಡಗಿನಲ್ಲಿ ಇಂದಿಗೂ ಸಾವಿರಕ್ಕೂ ಮಿಕ್ಕಿ ದೇವರಕಾಡುಗಳು ಲೆಕ್ಕಕ್ಕಿವೆ. ನಮ್ಮ ಕಡೆಯಾದರೋ ಅನೇಕ ಬನಗಳಲ್ಲಿ ಮರ ಹೋಗಿ ಸಿಮೆಂಟಿನ ಕಟ್ಟೆ ಬಂದಿದೆ. ನಾಗನಿಗೆ ಬೇಕಾದದ್ದು ತಂಪು. ಕಾದ ಸಿಮೆಂಟಿನಲ್ಲಿ ತಂಪೆಲ್ಲಿ?

ಹುಲಿ ನೀರು ಕುಡಿದ ಕೊಳ

ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿ. ಹುಲಿಗಳು ನೀರಿಗೆ ಬರುತ್ತಿದ್ದ ಕೊಳವೇ ಪಿಲಿಕುಳ. ಮೂಡುಶೆಡ್ಡೆಯಲ್ಲಿ, ಗುರುಪುರ ನದಿಯ ಮಗ್ಗುಲಲ್ಲಿ, 300 ಎಕರೆಗೂ ಮಿಕ್ಕಿದ ಈ ನಿಸರ್ಗಧಾಮ ಹಬ್ಬಿದೆ. ಈ ನದಿಯೇ ಫಲ್ಗುಣಿ. ಹುಲಿ ಈಗ ಬೇಲಿಯೊಳಗಿನ ಮೃಗಾಲಯದಲ್ಲಿದೆ. ಕಾಳಿಂಗ ಸರ್ಪವನ್ನು ಸಾಕಿ ಮರಿ ಮಾಡಿಸಿದ ಹೆಸರೂ ಈ ಮೃಗಾಲಯಕ್ಕಿದೆ. ತರಗೆಲೆ ಒಟ್ಟುಗೂಡಿಸಿ ಗೂಡು ಕಟ್ಟಿ ಮೊಟ್ಟೆಯಿಡುವ ಹಾವು ಇದು. ಇದರ ಮುಖ್ಯ ಆಹಾರ ಬೇರೆ ಹಾವುಗಳು. ಮಲೆನಾಡಿನ ತೋಟಗಳಲ್ಲಿ ಇದು ಕಾಣಿಸಿಕೊಂಡಾಗ ಕೋಲು ಹಿಡಿಯುವ ಬದಲು ಅರಣ್ಯ ಇಲಾಖೆಗೆ ತಿಳಿಸುವುದು ಇತ್ತೀಚೆಗೆ ರೂಢಿಗೆ ಬಂದಿರುವುದು ಸಂತೋಷದ ವಿಷಯ.

ಬೆಳೆಗಾರರು ತಪ್ಪದೆ ನೋಡಬೇಕಾದದ್ದು ಅಲ್ಲಿಯ ವೃಕ್ಷೋದ್ಯಾನ. ಪಶ್ಚಿಮ ಘಟ್ಟದ ಮರಗಳನ್ನು ಜಾತಿವಾರು ನೆಟ್ಟು ಬೆಳೆಸಿದ್ದಾರೆ. ಮೃಗಾಲಯದಲ್ಲಿ ಮಾತಿಲ್ಲದೆ ನಡೆದಿದ್ದ ನಮ್ಮ ಹಿರಿಯರಿಗೆ ಇಲ್ಲಿ ಬಾಯಿ ಬಂತು. ಕಿರಾಲುಬೋಗಿ, ಧೂಪ, ಸುರಹೊನ್ನೆ, ರಾಮಪತ್ರೆ, ಉಪ್ಪಾಗೆ, ಪುನರ್ಪುಳಿ ಎಂದು ಒಂದೊಂದರ ಗುಣವನ್ನೂ ಮೊಮ್ಮಗನಿಗೆ ವಿವರಿಸತೊಡಗಿದರು. ರಾಮಪತ್ರೆಯ ಹಣ್ಣನ್ನು ಮಂಗಟ್ಟೆ ಹಕ್ಕಿ ತಿಂದು ಬೀಜವನ್ನು ದೂರ ಒಯ್ದು ಹಾಕುತ್ತದೆಂದೂ, ಆ ಹಕ್ಕಿಗೆ ಗೂಡು ಮಾಡಲು ಪೊಟರೆಯಿರುವ ಹಳೆಯ ಮರವೇ ಆಗಬೇಕೆಂದೂ ಹೇಳಿದರು. ಹೇಳಿ, ಸ್ವಲ್ಪ ಹೊತ್ತು ಸುಮ್ಮನಾದರು. ಮಾತು ಎಲ್ಲಿಗೆ ಬಂತೆಂಬುದು ಅವರಿಗೂ ತಿಳಿಯಿತು, ನಮಗೂ ತಿಳಿಯಿತು.

ಗುತ್ತಿನ ಮನೆಯನ್ನೂ, ಕುಂಬಾರರೇ ಮೊದಲಾದ ಕುಶಲಕರ್ಮಿಗಳ ಗ್ರಾಮವನ್ನೂ ನೋಡಿಕೊಂಡು ಮರದಡಿಯಲ್ಲಿ ಬುತ್ತಿ ಬಿಚ್ಚಿದೆವು.

ಎರಡನೆಯ ಪ್ರಯಾಣ: ಕುದುರೆಮುಖ

ಪಿಲಿಕುಳ ಮೊದಲ ಪಾಠವಾದರೆ ಎರಡನೆಯದು ಕುದುರೆಮುಖ. ಕಾರ್ಕಳ, ಬಜಗೋಳಿಯ ಮೇಲಾಗಿ ಮಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್. ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಿಗೆ ಸೇರಿದ ಸುಮಾರು 600 ಚದರ ಕಿಲೋಮೀಟರ್ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಸಿಂಗಳೀಕ ಇಲ್ಲಿಯ ನಿವಾಸಿ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಈ ಗಿರಿಸಾಲಿನಲ್ಲೇ. ಗುಡ್ಡದ ನೆತ್ತಿಯಲ್ಲಿ ಹುಲ್ಲು, ಮಡಿಲಿನಲ್ಲಿ ಶೋಲೆ ಕಾಡು. ಮಳೆಗಾಲದಲ್ಲಿ ಕುಡಿದ ನೀರನ್ನು ಈ ಎರಡೂ ಹಿಡಿದಿಟ್ಟುಕೊಂಡು ಬೇಸಗೆಯವರೆಗೆ ಜಿನುಗಿಸುತ್ತವೆ.

ಇದೇ ಗುಡ್ಡಗಳಲ್ಲಿ 1976ರಲ್ಲಿ ಸ್ಥಾಪನೆಯಾದ ಕಂಪೆನಿ ಕಬ್ಬಿಣದ ಅದಿರು ತೆಗೆಯಿತು. ಅದಿರಿನ ರಾಡಿ ಕೊಳವೆಯ ಮೂಲಕ ಪಣಂಬೂರಿಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಕೆಲಸ ಹೋದ ಕುಟುಂಬಗಳ ಕಷ್ಟ, ಉದ್ಯಾನದ ಗಡಿಯೊಳಗೆ ಉಳಿದ ರೈತರ ಕಷ್ಟ ಇವೆರಡನ್ನೂ ನಾವು ಮರೆಯಬಾರದು. ಕಾಡಿನ ಪರವಾಗಿ ಮಾತಾಡುವವರು ಕಾಡಿನಂಚಿನ ಮನುಷ್ಯನನ್ನು ಬಿಟ್ಟು ಮಾತಾಡಿದರೆ ಆ ಮಾತು ನಿಲ್ಲದು. 2012ರಲ್ಲಿ ಪಶ್ಚಿಮ ಘಟ್ಟದ ಆಯ್ದ ಭಾಗಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಕುದುರೆಮುಖವೂ ಸೇರಿತು.

ತೋಟಕ್ಕೂ ಕಾಡಿಗೂ ಏನು ಲೆಕ್ಕ?

ಈಗ ಹಿರಿಯರ ಪ್ರಶ್ನೆಗೆ ಬರೋಣ. ಮಂಗ, ಹಂದಿ, ಆನೆಗಳ ಹಾವಳಿ ನಿಜ. ಬೆಳೆನಷ್ಟಕ್ಕೆ ಸಕಾಲದಲ್ಲಿ ಪರಿಹಾರ ಸಿಗಬೇಕೆಂಬ ಬೆಳೆಗಾರರ ಬೇಡಿಕೆ ನ್ಯಾಯವಾದದ್ದು. ಆದರೆ ಖರ್ಚಿನ ಪುಟವೊಂದನ್ನೇ ಓದಿದರೆ ಲೆಕ್ಕವಾಗದು. ಜಮೆಯ ಪುಟವನ್ನೂ ತಿರುವಬೇಕು.

ರೋಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬೇಕು. ಹೂಮಳೆಯಾಗಿ ಹತ್ತು ದಿನದೊಳಗೆ ತೋಟವೆಲ್ಲ ಬೆಳ್ಳಗಾದಾಗ ಆ ಕೆಲಸವನ್ನು ಗಾಳಿಯೊಡನೆ ಹಂಚಿಕೊಳ್ಳುವವು ಹೆಜ್ಜೇನು, ತುಡುವೆ, ಮುಜಂಟಿಗಳು. ಹೆಜ್ಜೇನು ಕೂರುವುದು ಎತ್ತರದ ಕಾಡುಮರದಲ್ಲಿ, ತುಡುವೆ ಪೊಟರೆಯಲ್ಲಿ. ಕಾಫಿಯ ಹೂವು ಕೆಲವೇ ದಿನ. ಉಳಿದ ಕಾಲ ಅವುಗಳ ಹೊಟ್ಟೆ ಹೊರೆಯುವುದು ಕಾಡಿನ ಹೂವು. ಅಡಿಕೆಯ ಮಾತು ಬಂದರೆ, ಬೇಸಗೆಯಲ್ಲಿ ಕಟ್ಟ ಕಟ್ಟಿ ತೋಡಿನ ನೀರು ತಿರುಗಿಸಿಕೊಳ್ಳುವ ತೋಟಕ್ಕೆ ಮೇಲಿನ ಗುಡ್ಡದ ಮರವೇ ಟಾಂಕಿ. ಮರಕ್ಕೆ ಹಬ್ಬಿಸುವ ಕರಿಮೆಣಸಿನ ತವರೂ ಈ ಘಟ್ಟವೇ. ಕುಮ್ಕಿಯನ್ನೂ ಬಾಣೆಯನ್ನೂ ತೋಟಕ್ಕೆ ತಾಗಿಸಿ ಉಳಿಸಿಕೊಂಡು ಬಂದ ನಮ್ಮ ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು.

ಹೋಗುವವರಿಗೆ ನಾಲ್ಕು ಮಾತು

ಸಾಧ್ಯವಾದರೆ ಮಳೆ ನಿಂತ ಮೇಲೆ, ಕೊಯ್ಲು ಏರುವ ಮೊದಲು ಹೋಗಿ. ಪಿಲಿಕುಳದ ರಜಾದಿನ, ವೇಳೆಗಳನ್ನು ಮುಂಚಿತವಾಗಿ ವಿಚಾರಿಸಿ. ಕುದುರೆಮುಖದ ಹಾದಿಯಲ್ಲಿ ತನಿಖಾ ಠಾಣೆಯವರು ಹೇಳಿದ ನಿಯಮ ಪಾಲಿಸಿ; ಅನುಮತಿಯಿಲ್ಲದೆ ಗುಡ್ಡ ಹತ್ತಬೇಡಿ. ಪ್ಲಾಸ್ಟಿಕ್ ಎಸೆಯಬೇಡಿ, ಮಂಗಗಳಿಗೆ ತಿಂಡಿ ಹಾಕಬೇಡಿ. ರಸ್ತೆ ಬದಿಯಲ್ಲಿ ಬಾಳೆಹಣ್ಣು ತಿಂದು ಕಲಿತ ಮಂಗ ಮುಂದೆ ಯಾರ ತೋಟಕ್ಕೆ ನುಗ್ಗುವುದೆಂದು ಸದಸ್ಯರಿಗೆ ಹೇಳಬೇಕಾಗಿಲ್ಲ. ಮಕ್ಕಳನ್ನೂ ಅಜ್ಜ ಅಜ್ಜಿಯರನ್ನೂ ಒಟ್ಟಿಗೆ ಕರೆದೊಯ್ಯಿರಿ. ಫಲಕದಲ್ಲಿಲ್ಲದ ಸಂಗತಿಗಳು ಹಿರಿಯರ ಬಾಯಲ್ಲಿವೆ.

ಸಂಜೆ ಶಕ್ತಿನಗರಕ್ಕೆ ಮರಳುವಾಗ ಹಿರಿಯರು ಲೆಕ್ಕ ಹಾಕುತ್ತಿದ್ದರು. “ಮೂವತ್ತು ಮರಕ್ಕೆ ಮಾತು ಕೊಟ್ಟಿದ್ದೆ. ತೋಡಿನ ಬದಿಯ ಹನ್ನೆರಡನ್ನು ಕೊಡುವುದಿಲ್ಲ. ಉಳಿದದ್ದನ್ನು ಊರಿಗೆ ಹೋಗಿ ಒಮ್ಮೆ ನೋಡಿ ಹೇಳುತ್ತೇನೆ” ಎಂದರು. ಹೆಜ್ಜೇನು ಕೂರುವ ಮರ ಆ ಹನ್ನೆರಡರಲ್ಲಿದೆಯೆ ಎಂದು ಮೊಮ್ಮಗ ಕೇಳಿದ. ಅವರಿಗೆ ನೆನಪಾಗಲಿಲ್ಲ. ಬರುವ ರಜೆಯಲ್ಲಿ ಇಬ್ಬರೂ ಸೇರಿ ನೋಡುವುದೆಂದು ತೀರ್ಮಾನವಾಯಿತು.