ಹಂದರದ ಒಳಗೋಡೆಗೂ ಖನಿಜ ಬೇಕು

ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಅಪಘಾತದಲ್ಲೋ ಗೆಡ್ಡೆ ತೆಗೆಯುವಾಗಲೋ ದೊಡ್ಡ ತುಂಡೇ ಹೋದರೆ ಆ ಜಾಗವನ್ನು ದೇಹ ತಾನಾಗಿ ತುಂಬಲಾರದು. ರೋಗಿಯ ಸೊಂಟದಿಂದಲೇ ಮೂಳೆ ತೆಗೆದು ತುಂಬುವುದು ಇಂದಿಗೂ ವೈದ್ಯರು ನೆಚ್ಚುವ ದಾರಿ. ಆದರೆ ಅಲ್ಲಿ ಸಿಗುವುದು ಸ್ವಲ್ಪವೇ, ತೆಗೆದ ಜಾಗದ ನೋವು ಬೇರೆ. ಅದಕ್ಕೇ ಕರಗುವ ಹೊಲಿಗೆ ದಾರಕ್ಕೆ ಬಳಸುವ ಪಿಎಲ್‌ಜಿಎಯಂಥ ಪಾಲಿಮರ್‌ನಿಂದ ರಂಧ್ರಮಯ ಹಂದರ ಕಟ್ಟುತ್ತಾರೆ. ಪಾಲಿಮರ್ ದ್ರಾವಣಕ್ಕೆ ಜರಡಿ ಹಿಡಿದ ಉಪ್ಪಿನ ಹರಳು ಬೆರೆಸಿ, ದ್ರಾವಕ ಆರಿದ ಮೇಲೆ ನೀರಿನಲ್ಲಿ ನೆನೆಸಿದರೆ ಉಪ್ಪು ಕರಗಿದ ಜಾಗವೆಲ್ಲ ರಂಧ್ರವಾಗುತ್ತದೆ. ರಕ್ತನಾಳ ಒಳನುಗ್ಗಲು ಅವು 300 ಮೈಕ್ರಾನ್‌ನಷ್ಟಾದರೂ ಇರಲಿ ಎನ್ನುತ್ತಾರೆ.

ಬರೀ ಪಾಲಿಮರ್‌ಗೆ ಮೂಳೆ ಬೆಸೆದುಕೊಳ್ಳುವುದಿಲ್ಲ. ಅದಕ್ಕೆ ಮೂಳೆಯಲ್ಲಿರುವಂಥ ಖನಿಜ ಬೇಕು. ಅದರ ಪುಡಿಯನ್ನು ಪಾಲಿಮರ್‌ಗೆ ಮೊದಲೇ ಬೆರೆಸಿಬಿಡುವುದು ಸುಲಭ. ಆದರೆ ಬಹುಪಾಲು ಕಣ ಪಾಲಿಮರ್‌ನೊಳಗೇ ಹೂತುಹೋಗುತ್ತದೆ, ಜೀವಕೋಶ ಮುಟ್ಟುವುದು ಮೇಲ್ಮೈಯನ್ನು. ಆದ್ದರಿಂದ ಖನಿಜವನ್ನು ರಂಧ್ರಗಳ ಗೋಡೆಯ ಮೇಲೆಯೇ ಬೆಳೆಸುವುದು ಸರಿಯಾದ ದಾರಿ ಎಂಬುದು ನನ್ನ ವಾದ. ಕ್ಯೋಟೊ ವಿಶ್ವವಿದ್ಯಾಲಯದ ತದಾಶಿ ಕೊಕುಬೊ ರೂಪಿಸಿದ ಕೃತಕ ದೇಹದ್ರವದಲ್ಲಿ ಲವಣಗಳ ಪ್ರಮಾಣ ರಕ್ತದ ದ್ರವಭಾಗಕ್ಕೆ ಹತ್ತಿರ, ಪಿಎಚ್ 7.4, ಉಷ್ಣತೆ 36.5 ಡಿಗ್ರಿ. ಅದರಲ್ಲಿ ಮುಳುಗಿಸಿಟ್ಟಾಗ ಪಾಲಿಮರ್‌ನ ಮೇಲ್ಮೈ ಒಡೆದು ಕಾರ್ಬಾಕ್ಸಿಲ್ ಗುಂಪುಗಳು ತೆರೆದುಕೊಳ್ಳುತ್ತವೆ. ಅವು ಕ್ಯಾಲ್ಸಿಯಂ ಹಿಡಿಯುತ್ತವೆ, ಹಿಂದೆಯೇ ಫಾಸ್ಫೇಟ್ ಸೇರುತ್ತದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಮರ್ಫಿ, ಕೋನ್, ಮೂನಿ 16 ದಿನ ಹೀಗೆ ಬೆಳೆಸಿದಾಗ ರಂಧ್ರಗಳು ಹೆಚ್ಚೇನೂ ಮುಚ್ಚದೆ ಹಂದರದ ಬಿಗಿತ ಸುಮಾರು ಐದು ಪಟ್ಟಾಯಿತು. ದೇಹದ ಉಷ್ಣತೆಯಲ್ಲೇ ಕೆಲಸ ನಡೆಯುವುದರಿಂದ ರಕ್ತನಾಳ ಬೆಳೆಸುವ ಪ್ರೋಟೀನನ್ನೂ ಕೆಡಿಸದೆ ಸೇರಿಸಬಹುದು. ನನಗೆ ಬಿಗಿತಕ್ಕಿಂತ ಇದೇ ದೊಡ್ಡ ಲಾಭ. ಐದು ಪಟ್ಟಾದರೂ ಅದು ನಿಜವಾದ ಮೂಳೆಗೆ ಸಮವಲ್ಲ, ಭಾರ ಹೊರುವ ಕಡೆ ಲೋಹದ ಆಸರೆ ಬೇಕೇ ಬೇಕು.

ಈ ದ್ರವದಲ್ಲಿ ಖನಿಜ ಕೂತ ಮಾತ್ರಕ್ಕೆ ದೇಹದಲ್ಲಿ ಮೂಳೆ ಬೆಸೆದುಕೊಂಡೀತೆಂದು ನಂಬಬಾರದು ಎಂದು ಸಂಶೋಧಕರಾದ ಬೋನರ್ ಮತ್ತು ಲೆಮೆತ್ರ್ 2009ರಲ್ಲೇ ಎಚ್ಚರಿಸಿದ್ದರು. ದ್ರವವನ್ನು ಪರೀಕ್ಷೆಯಾಗಿ ಬಳಸುವವರಿಗೆ ಆ ಮಾತು ಪೂರ್ತಿ ಸಲ್ಲುತ್ತದೆ. ಇಲ್ಲಿ ದ್ರವ ಲೇಪನದ ಸಾಧನ ಮಾತ್ರ, ತೀರ್ಪು ಪ್ರಾಣಿಪ್ರಯೋಗದಲ್ಲೇ ಆಗಬೇಕು. ದಿನಗಟ್ಟಲೆ ಕಾಯುವುದೇಕೆ, ಲವಣ ಹತ್ತು ಪಟ್ಟು ಹೆಚ್ಚಿಸಿದರೆ ಗಂಟೆಗಳಲ್ಲೇ ಮುಗಿಯುತ್ತದಲ್ಲ ಎನ್ನುವವರೂ ಇದ್ದಾರೆ. ಆ ಆತುರದಲ್ಲಿ ದ್ರವ ಒಳಗೆ ಇಳಿಯುವ ಮೊದಲೇ ಹೊರಮೈಯಲ್ಲಿ ಖನಿಜ ದಪ್ಪಗಟ್ಟಿ ರಂಧ್ರಗಳ ಬಾಯಿ ಕಟ್ಟುವ ಅಪಾಯವಿದೆ. ಸಂಶೋಧಕರು ಹೊರಮೈಯ ಚಿತ್ರವಷ್ಟೇ ತೋರಿಸಿದರೆ ಸಾಲದು. ಹಂದರವನ್ನು ನಟ್ಟನಡುವೆ ಸೀಳಿ, ಅಲ್ಲಿಯ ಗೋಡೆಯನ್ನೂ ತೋರಿಸಲಿ.